ತಡವಾಗಿ ಬರುವ ದನಿ

ಈ ವಾರ 2024ರ ಮೂರು ಆಲ್ಬಂಗಳನ್ನು ಅಕ್ಕಪಕ್ಕ ಇಟ್ಟು ಬರೆಯುತ್ತೇನೆಂದು ಹೇಳಿದ್ದೆ. ದಿ ಕ್ಯೂರ್ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’, ಮಿನ್ಸ್ಕ್‌ ಮೂಲದ ಮೊಲ್ಚಾತ್ ದೋಮಾದ ‘ಬೇಲಯಾ ಪೊಲೊಸಾ’, ಟೆಕ್ಸಾಸ್‌ನ ಗಡಿಯೂರು ಬ್ರೌನ್ಸ್‌ವಿಲ್‌ನಿಂದ ಬಂದ ಟ್ವಿನ್ ಟ್ರೈಬ್ಸ್ ಜೋಡಿಯ ‘ಪೆಂಡ್ಯುಲಮ್’. ಮೂರನ್ನೂ ಕೇಳಿ ಮುಗಿಸಿದ್ದೇನೆ, ಟಿಪ್ಪಣಿಗಳೂ ಇವೆ. ಆದರೆ ಮೊದಲ ಆಲ್ಬಂನ ಮೊದಲ ಹಾಡು ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತು.

‘ಅಲೋನ್’ ಸುಮಾರು ಆರೂ ಮುಕ್ಕಾಲು ನಿಮಿಷದ ಹಾಡು. ಅದರಲ್ಲಿ ಮೂರು ನಿಮಿಷ ಕಳೆಯುವ ತನಕ ತಂಡದ ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದಿಲ್ಲ. ಜೇಸನ್ ಕೂಪರ್ ಅವರ ಡ್ರಮ್ ಒಂದೊಂದೇ ಪೆಟ್ಟನ್ನು ತೂಗಿ ಇಡುತ್ತದೆ. ಸೈಮನ್ ಗ್ಯಾಲಪ್ ಅವರ ಬೇಸ್ ಒರಟಾಗಿ ಗುರುಗುಟ್ಟುತ್ತದೆ, ಮೇಲೆ ಸಿಂಥಸೈಜರ್ ಹರಡಿಕೊಳ್ಳುತ್ತದೆ. ಇನ್ನೇನು ಹಾಡು ಶುರುವಾಯಿತು ಅನ್ನಿಸುತ್ತದೆ, ಆಗುವುದಿಲ್ಲ. ಮತ್ತೆ ಅನ್ನಿಸುತ್ತದೆ, ಆಗಲೂ ಇಲ್ಲ. ಆಮೇಲೆ ಅರವತ್ತೈದರ ಆ ಗಂಟಲು ಬಂದಾಗ ಮೂವತ್ತರ ಹರೆಯದಲ್ಲಿ ಇದ್ದ ಹಾಗೇ ಇರುತ್ತದೆ. ಕೊನೆಯ ಹಾಡು ‘ಎಂಡ್‌ಸಾಂಗ್’ ಇನ್ನೂ ಹಟಮಾರಿ. ಹತ್ತು ನಿಮಿಷಕ್ಕೂ ಮೀರಿದ ಆ ಹಾಡಿನಲ್ಲಿ ಮಾತು ಬರುವುದು ಆರು ನಿಮಿಷ ದಾಟಿದ ಮೇಲೆ.

ಹದಿನಾರು ವರ್ಷ ಹೊಸ ಆಲ್ಬಂ ಕೊಡದ ತಂಡ ಹೀಗೆ ಕಾಯಿಸುವ ಧೈರ್ಯ ಮಾಡಿತು. ನವೆಂಬರ್ 1ರಂದು ಹೊರಬಂದ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಹೋಯಿತು. ಅವರಿಗೆ ಆ ಸ್ಥಾನ ಹಿಂದೆ ಸಿಕ್ಕಿದ್ದು 1992ರ ‘ವಿಶ್’ಗೆ. ಇದನ್ನು ಹಳೆಯ ಅಭಿಮಾನಿಗಳ ನೆನಪಿನ ಕಾಣಿಕೆ ಎಂದು ತಳ್ಳಿಹಾಕಿದ ವಿಮರ್ಶೆಗಳನ್ನು ಓದಿದ್ದೇನೆ. ನಾನು ಒಪ್ಪುವುದಿಲ್ಲ. ನೆನಪನ್ನು ಮಾರುವವರು ಪರಿಚಿತ ಪಲ್ಲವಿಯನ್ನು ಮೊದಲ ನಿಮಿಷದಲ್ಲೇ ಕೈಗಿಡುತ್ತಾರೆ. ಸ್ಮಿತ್ ಮಾಡಿದ್ದು ಅದರ ತದ್ವಿರುದ್ಧ.

ಈಗಿನ ಹಾಡುಗಾರಿಕೆಯ ಲೆಕ್ಕಾಚಾರ ಬಲ್ಲವರಿಗೆ ಆ ಮೂರು ನಿಮಿಷದ ಬೆಲೆ ಗೊತ್ತಾಗುತ್ತದೆ. ಸ್ಪಾಟಿಫೈನಲ್ಲಿ ಒಂದು ಹಾಡು ‘ಕೇಳಲಾಯಿತು’ ಎಂದು ಲೆಕ್ಕಕ್ಕೆ ಸೇರಬೇಕಾದರೆ ಮೂವತ್ತು ಸೆಕೆಂಡ್ ಓಡಬೇಕು. ಅದರೊಳಗೆ ಕೇಳುಗ ಜಾರಿಹೋದರೆ ಹಾಡಿದವರಿಗೆ ಏನೂ ಇಲ್ಲ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಅಮೆರಿಕದ ಜನಪ್ರಿಯ ಹಾಡುಗಳನ್ನು 1986ರಿಂದ 2015ರವರೆಗೆ ಅಳೆದು ನೋಡಿದರು. ದನಿ ಬರುವ ಮುಂಚಿನ ವಾದ್ಯಭಾಗ ಎಂಬತ್ತರ ದಶಕದಲ್ಲಿ ಸರಾಸರಿ ಇಪ್ಪತ್ತು ಸೆಕೆಂಡಿಗೂ ಹೆಚ್ಚಿತ್ತು, 2015ರ ಹೊತ್ತಿಗೆ ಐದಕ್ಕೆ ಇಳಿದಿತ್ತು. ಐದು ಸೆಕೆಂಡಿನಲ್ಲಿ ಯಾವ ಕತ್ತಲೆಯೂ ಕವಿಯುವುದಿಲ್ಲ. ಬೆಳಕಿನಿಂದ ಒಳಗೆ ಬಂದ ಕಣ್ಣಿಗೆ ಹೊಂದಿಕೊಳ್ಳಲು ಹೊತ್ತು ಬೇಕು, ಕಿವಿಗೂ ಅಷ್ಟೇ.

ಇಂಥ ಹಾಡುಗಳ ಬಗ್ಗೆ ಬರೆದಾಗಲೆಲ್ಲ ‘ಇದು ನಮ್ಮ ಆಲಾಪವಲ್ಲವೆ?’ ಎಂದು ಕೇಳುವ ಓದುಗರಿದ್ದಾರೆ. ಅಲ್ಲ. ಆಲಾಪದಲ್ಲಿ ತಬಲಾ ಇನ್ನೂ ಶುರುವಾಗಿರುವುದಿಲ್ಲ, ದನಿ ಮಾತ್ರ ಇರುತ್ತದೆ. ರಾಗದ ಅಂಗಳವನ್ನೆಲ್ಲ ಆ ದನಿಯೇ ಓಡಾಡಿ ತೋರಿಸುತ್ತದೆ. ಇಲ್ಲಿ ನಡೆಯುವುದು ಪೂರ್ತಿ ಉಲ್ಟಾ. ತಾಳ ಮೊದಲ ಕ್ಷಣದಿಂದಲೇ ಇದೆ, ಬೇಸ್ ಇದೆ, ಎಲ್ಲ ಸಿದ್ಧವಾಗಿದೆ, ಬರಬೇಕಾದ ಮನುಷ್ಯ ಮಾತ್ರ ಬಂದಿಲ್ಲ. ಆಲಾಪ ತುಂಬುತ್ತ ಹೋಗುತ್ತದೆ, ಇಲ್ಲಿ ಖಾಲಿ ಜಾಗವೊಂದು ಬೆಳೆಯುತ್ತ ಹೋಗುತ್ತದೆ. ಎರಡನ್ನೂ ಪ್ರೀತಿಸುವವನಾಗಿ ಹೇಳುತ್ತೇನೆ, ಹೋಲಿಸಿದರೆ ಎರಡಕ್ಕೂ ಅನ್ಯಾಯ.

ಸ್ಮಿತ್ ಇದನ್ನು ನಿನ್ನೆ ಮೊನ್ನೆ ಕಲಿತವರಲ್ಲ. 1989ರ ‘ಡಿಸಿಂಟಿಗ್ರೇಷನ್’ ಈ ಅಂಕಣದ ಓದುಗರಿಗೆ ಬಾಯಿಪಾಠ. ‘ಪ್ಲೇನ್‌ಸಾಂಗ್’ನಲ್ಲಿ ಗಾಳಿಗಂಟೆಗಳ ಕಿಂಕಿಣಿ ಮುಗಿಯುತ್ತಿದ್ದಂತೆ ಬಂದು ಅಪ್ಪಳಿಸುವ ಆ ಸಿಂಥ್ ಅಲೆ, ‘ಪಿಕ್ಚರ್ಸ್ ಆಫ್ ಯೂ’ನಲ್ಲಿ ಮಾತಿಗೆ ಮುಂಚೆ ಎರಡು ನಿಮಿಷ ಸುಳಿಯುವ ಗಿಟಾರ್. ಅಷ್ಟು ಕಾಯಿಸಿಯೂ ಅದೇ ಆಲ್ಬಂನ ‘ಲವ್‌ಸಾಂಗ್’ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಹೊಸ ಆಲ್ಬಂನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’, ತೀರಿಕೊಂಡ ಅಣ್ಣ ರಿಚರ್ಡ್ ಬಗ್ಗೆ ಸ್ಮಿತ್ ಬರೆದದ್ದು. ಪಿಯಾನೊದ ಒಂದು ಪುಟ್ಟ ಸ್ವರಗುಚ್ಛ ಬಂದಲ್ಲಿಗೇ ಮತ್ತೆ ಬರುತ್ತದೆ. ಹೇಳಬೇಕಾದದ್ದನ್ನು ಹೇಳಲು ಆಗದೆ ಮುಂದೂಡುತ್ತಿರುವ ಮನುಷ್ಯನೊಬ್ಬ ಅಲ್ಲಿ ಕೂತಿದ್ದಾನೆ. ಅವನಿಗೆ ಆ ವಿಳಂಬ ಬೇಕೇ ಬೇಕು.

ವಿಳಂಬದ ಮಾತು ಬಂತೆಂದರೆ ನಾರ್ಥಾಂಪ್ಟನ್‌ಗೆ ಹೋಗಲೇಬೇಕು. ಇಂಗ್ಲೆಂಡಿನ ನಡುನಾಡಿನಲ್ಲಿ ಪಾದರಕ್ಷೆಗೆ ಹೆಸರಾದ ಊರು ಅದು. (ಬಾಯ್ ಹಾರ್ಷರ್ ಎಂಬ ಸಂಗೀತ ಜೋಡಿ ನೆಲೆಸಿದ ನಾರ್ಥಾಂಪ್ಟನ್ ಬೇರೆ, ಅದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದೆ. ಈ ಕತ್ತಲೆಯ ಸಂಗೀತಕ್ಕೆ ಆ ಹೆಸರಿನ ಎರಡೂ ಊರುಗಳು ಒದಗಿಬಂದದ್ದು ನನಗೆ ಯಾವತ್ತೂ ಖುಷಿಯ ಸಂಗತಿ.) 1979ರ ಜನವರಿ 26ರಂದು ಆ ಊರಿನ ನಾಲ್ವರು ಹುಡುಗರು ಪಕ್ಕದ ವೆಲಿಂಗ್‌ಬರೊದ ಬೆಕ್ ಸ್ಟುಡಿಯೊಗೆ ಹೋದರು. ಬೌಹೌಸ್ ಎಂಬ ತಂಡ ಕಟ್ಟಿ ಕೆಲವು ವಾರ ಆಗಿತ್ತಷ್ಟೇ. ಅವತ್ತು ಒಂದೇ ಟೇಕಿನಲ್ಲಿ ನುಡಿಸಿದ್ದು ‘ಬೇಲಾ ಲುಗೋಸಿಸ್ ಡೆಡ್’.

ಒಂಬತ್ತೂವರೆ ನಿಮಿಷದ ಆ ಹಾಡನ್ನು ಹೊಸಬರಿಗಾಗಿ ಒಮ್ಮೆ ನಡೆದು ತೋರಿಸುತ್ತೇನೆ, ಹಳಬರು ಜೊತೆಗೆ ಬನ್ನಿ. ಮೊದಲು ಕೆವಿನ್ ಹ್ಯಾಸ್ಕಿನ್ಸ್ ಡ್ರಮ್ಮಿನ ಅಂಚಿಗೆ ಕೋಲಿನಿಂದ ತಟ್ಟುವ ಟಕಟಕ. ಅದರಲ್ಲಿ ಹೆಚ್ಚುಕಡಿಮೆ ಬಾಸ ನೋವಾದ ಹಗುರ ನಡೆ. ಪ್ರತಿ ತಟ್ಟಿಗೂ ಎಕೋ ಯಂತ್ರದಿಂದ ಮರಳಿ ಬರುವ ಮರುದನಿ, ಅದರ ಹಿಂದೆ ಅದರದೇ ನೆರಳು. ಆಮೇಲೆ ಕೆವಿನ್‌ ಅಣ್ಣ ಡೇವಿಡ್ ಜೆ ಬೇಸ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತಾರೆ, ಇಳಿದದ್ದೇ ಇಳಿಯುತ್ತಾರೆ. ಡೇನಿಯಲ್ ಆ್ಯಶ್ ಗಿಟಾರಿನಲ್ಲಿ ರಾಗ ನುಡಿಸುವ ಗೋಜಿಗೇ ಹೋಗುವುದಿಲ್ಲ. ತಂತಿಯನ್ನು ಕೆರೆಯುತ್ತಾರೆ, ಗೀರುತ್ತಾರೆ, ಆ ಸದ್ದನ್ನು ಎಕೋಗೆ ಎಸೆದು ಸುಮ್ಮನಾಗುತ್ತಾರೆ. ಹೀಗೆ ಹತ್ತಿರ ಹತ್ತಿರ ಮೂರು ನಿಮಿಷ. ಆಗ ಪೀಟರ್ ಮರ್ಫಿ ತಗ್ಗಿದ ದನಿಯಲ್ಲಿ, ಯಾವ ಆತುರವೂ ಇಲ್ಲದೆ, 1956ರಲ್ಲಿ ತೀರಿಕೊಂಡ ಡ್ರಾಕುಲಾ ನಟನ ಸುದ್ದಿ ಹೇಳಲು ಶುರುಮಾಡುತ್ತಾರೆ. ದನಿ ಏರುತ್ತದೆ, ಕೂಗಾಗುತ್ತದೆ, ಮತ್ತೆ ಹೊರಟುಹೋಗುತ್ತದೆ. ಅದು ಹೋದ ಮೇಲೂ ಟಕಟಕ ನಿಲ್ಲುವುದಿಲ್ಲ.

ಈ ಹಾಡಿನಲ್ಲಿ ಆರ್ಗನ್ ಇಲ್ಲ, ಚರ್ಚಿನ ಗಂಟೆಯಿಲ್ಲ, ಲ್ಯಾಟಿನ್ ಪಠಣವಿಲ್ಲ. ಆದರೂ ಗಾಥ್ ಎಂದು ಕರೆಯುವ ಇಡೀ ಪರಂಪರೆಯ ಮೊದಲ ಧ್ವನಿಮುದ್ರಿಕೆ ಎಂದು ಬಹುತೇಕರು ಎಣಿಸುವುದು ಇದನ್ನೇ. ಹಾಗಾದರೆ ಕತ್ತಲೆ ಎಲ್ಲಿಂದ ಬಂತು?

ಜಮೈಕಾದಿಂದ. ಇದನ್ನು ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ. ಬೌಹೌಸ್ ಹುಡುಗರು ರೆಗೆ ಮತ್ತು ಡಬ್ ಕೇಳಿ ಬೆಳೆದವರು, ಅದನ್ನು ಅವರೇ ಹೇಳಿಕೊಂಡಿದ್ದಾರೆ. 1977ರಲ್ಲಿ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಗ್ರಾಮಫೋನ್ ತಟ್ಟೆ ಹಾಕುತ್ತಿದ್ದ ಡಾನ್ ಲೆಟ್ಸ್, ಹಾಕಲು ಸಾಕಷ್ಟು ಪಂಕ್ ಮುದ್ರಿಕೆಗಳೇ ಇನ್ನೂ ಬಂದಿಲ್ಲವೆಂದು ಡಬ್ ತಟ್ಟೆಗಳನ್ನು ಹಾಕಿದರು. ಆ ತಲೆಮಾರಿನ ಎಷ್ಟೋ ಪಂಕ್ ಕಿವಿಗಳು ಪಳಗಿದ್ದು ಅಲ್ಲಿ.

ಡಬ್‌ನ ಹುಟ್ಟಿನ ಬಗ್ಗೆ ಕಿಂಗ್‌ಸ್ಟನ್‌ನಲ್ಲಿ ಪ್ರಸಿದ್ಧವಾದ ಕಥೆಯೊಂದಿದೆ. ಅರವತ್ತರ ದಶಕದ ಕೊನೆಯಲ್ಲಿ ಡ್ಯೂಕ್ ರೀಡ್ ಅವರ ಟ್ರೆಷರ್ ಐಲ್ ಸ್ಟುಡಿಯೊದಲ್ಲಿ ರಡ್ಡಿ ರೆಡ್‌ವುಡ್ ಎಂಬುವರಿಗಾಗಿ ತಟ್ಟೆ ಕೆತ್ತುವಾಗ ಎಂಜಿನಿಯರ್ ಹಾಡುಗಾರರ ದನಿಯನ್ನು ಸೇರಿಸಲು ಮರೆತರಂತೆ. ರೆಡ್‌ವುಡ್ ಅದನ್ನೇ ಒಯ್ದು ಕುಣಿತದ ರಾತ್ರಿ ಹಾಕಿದರು. ದನಿಯಿಲ್ಲದ ಜಾಗಕ್ಕೆ ನೆರೆದ ಜನರೇ ತಮ್ಮ ದನಿ ಕೊಟ್ಟು ಹಾಡಿದರು. ಅಲ್ಲಿಂದ ಮುಂದೆ ಹಾಡಿನ ತಟ್ಟೆಯ ಹಿಂಬದಿಗೆ ಅದೇ ಹಾಡಿನ ದನಿ ತೆಗೆದ ‘ವರ್ಷನ್’ ಹಾಕುವುದು ರೂಢಿಯಾಯಿತು. ಅದನ್ನು ಕಲೆಯಾಗಿ ಮಾಡಿದವರು ವಾಟರ್‌ಹೌಸ್ ಬಡಾವಣೆಯ ಕಿಂಗ್ ಟಬ್ಬಿ, ನಿಜ ಹೆಸರು ಆಸ್ಬೋರ್ನ್ ರಡಕ್, ಕಸುಬಿನಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿಯವರು. ಬೇರೊಂದು ಸ್ಟುಡಿಯೊದಿಂದ ಕೊಂಡ ನಾಲ್ಕು ಟ್ರ್ಯಾಕಿನ ಮಿಕ್ಸರ್ ಮುಂದೆ ಕೂತು, ಗಿಟಾರನ್ನು ಎಳೆದು ಹಾಕುತ್ತಿದ್ದರು, ದನಿಯ ಅರ್ಧ ಶಬ್ದವನ್ನು ಉಳಿಸಿ ಉಳಿದರ್ಧವನ್ನು ಎಕೋದಲ್ಲಿ ಮುಳುಗಿಸುತ್ತಿದ್ದರು. ಸೇರಿಸುವುದಕ್ಕಿಂತ ತೆಗೆಯುವುದರಲ್ಲಿ ಅವರ ಕೈ ದೊಡ್ಡದು.

ಡಬ್‌ಗೂ ಗಾಥ್‌ಗೂ ಇರುವ ಈ ನಂಟಿಗೆ ಇನ್ನೊಂದು ಸಾಕ್ಷಿ ಇದೆ. ಅಗಸ್ಟಸ್ ಪ್ಯಾಬ್ಲೊ ತಯಾರಿಸಿದ, ಟಬ್ಬಿ ಮಿಕ್ಸ್ ಮಾಡಿದ ‘ಕಿಂಗ್ ಟಬ್ಬಿ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಎಂಬ ಮೇರುಕೃತಿ ಜೇಕಬ್ ಮಿಲ್ಲರ್ ಹಾಡಿದ ‘ಬೇಬಿ ಐ ಲವ್ ಯೂ ಸೋ’ ಹಾಡಿನ ಡಬ್ ರೂಪ. 1986ರಲ್ಲಿ ಆ ಹಾಡನ್ನು ಲಂಡನ್ನಿನ ಕಲರ್‌ಬಾಕ್ಸ್ ತಂಡ ಮತ್ತೆ ಹಾಡಿತು. ಹೊರತಂದವರು ಯಾರು? 4ಎಡಿ ಎಂಬ ರೆಕಾರ್ಡ್ ಕಂಪನಿ. ಬೌಹೌಸ್‌ನ ಮೊದಲ ಆಲ್ಬಂ ‘ಇನ್ ದಿ ಫ್ಲ್ಯಾಟ್ ಫೀಲ್ಡ್’ ಬಂದದ್ದೂ, ಕಾಕ್ಟೋ ಟ್ವಿನ್ಸ್, ಡೆಡ್ ಕ್ಯಾನ್ ಡಾನ್ಸ್ ತಂಡಗಳು ಬಾಳಿದ್ದೂ ಅದೇ ಮನೆಯಲ್ಲಿ.

ಇಷ್ಟಿದ್ದೂ ಈ ಸಂಗೀತವನ್ನು ಯುರೋಪಿನ ಹಳೆಯ ಕೋಟೆ ಕೊತ್ತಲಗಳ ಪಿತ್ರಾರ್ಜಿತ ಆಸ್ತಿ ಎಂಬಂತೆ ಬರೆಯುವವರು ಇದ್ದಾರೆ. 2000ದ ಆಸುಪಾಸಿನಲ್ಲಿ ‘ಫ್ಯೂಚರ್‌ಪಾಪ್’ ಹೆಸರಿನಲ್ಲಿ ಬಂದ ಪಂಥದ ಮೇಲೆ ನನಗಿರುವ ಆಕ್ಷೇಪವೂ ಈ ಮರೆವಿನದೇ. ವಿಎನ್‌ವಿ ನೇಷನ್, ಆಪಾಪ್ಟಿಗ್ಮಾ ಬೆರ್ಜರ್ಕ್ ಮೊದಲಾದವರು ಟ್ರಾನ್ಸ್ ಸಂಗೀತದ ಅಗಲವಾದ ಸಿಂಥ್‌ಗಳನ್ನು ತಂದು ಹಾಡಿನ ಪ್ರತಿ ಮೂಲೆಯನ್ನೂ ತುಂಬಿಸಿದರು. ಕುಣಿಯಲು ಚೆನ್ನಾಗಿತ್ತು, ಆ ವರ್ಷಗಳಲ್ಲಿ ಈ ಸಂಗೀತವಲಯವನ್ನು ಬದುಕಿಸಿದ ಶ್ರೇಯವೂ ಅವರಿಗೆ ಸಲ್ಲಬೇಕು. ಆದರೆ ಕೇಳುಗನಿಗೆ ಒಳಗೆ ನಿಲ್ಲಲು ಒಂದಡಿ ಜಾಗ ಬಿಡಲಿಲ್ಲ. ಮುಂದೆ ಟರ್ಕಿಯ ಬುರ್ಸಾದಿಂದ ಶೀ ಪಾಸ್ಟ್ ಅವೇ ಬಂದು, ಟರ್ಕಿಶ್‌ನಲ್ಲೇ ಹಾಡುತ್ತ, ಡ್ರಮ್ ಮಷೀನು, ಬೇಸ್, ಒಂದು ತೆಳು ಗಿಟಾರು, ಪಾತಾಳದ ದನಿ ಇಷ್ಟರಲ್ಲೇ 2012ರ ‘ಬೆಲಿರ್ದಿ ಗೆಜೆ’ ಆಲ್ಬಂ ಮಾಡಿದಾಗ ನನಗೆ ಆದ ಸಮಾಧಾನ ಹೇಳತೀರದು.

ಮೊಲ್ಚಾತ್ ದೋಮಾವನ್ನೂ ಈ ಒರೆಗಲ್ಲಿಗೇ ಹಚ್ಚುತ್ತೇನೆ. 2018ರ ‘ಎತಜಿ’ಯಲ್ಲಿ ಎಗೋರ್ ಶ್ಕುತ್ಕೊ ಅವರ ದನಿ ಪಕ್ಕದ ಕಟ್ಟಡದಿಂದ ಕೇಳಿಬರುವಷ್ಟು ದೂರ ಇತ್ತು. ಡ್ರಮ್ ಮಷೀನು ಬಡಕಲು, ಸಿಂಥ್ ಸವೆದದ್ದು. ಅದರಲ್ಲಿನ ‘ಸೂದ್ನೊ’ ಹಾಡಿನ ಸಾಹಿತ್ಯ 2001ರಲ್ಲಿ ತೀರಿಕೊಂಡ ರಷ್ಯನ್ ಕವಿ ಬೊರೀಸ್ ರೀಜಿಯದು. 2020ರಲ್ಲಿ ಟಿಕ್‌ಟಾಕ್‌ನಲ್ಲಿ ಅದರ ತುಣುಕು ಜಗತ್ತೆಲ್ಲ ಸುತ್ತಿತು, ರಷ್ಯನ್ ಒಂದಕ್ಷರ ಬಾರದವರೂ ಅದಕ್ಕೆ ಮನಸೋತರು. ನಡುವೆ ತಂಡ ಬೆಲರೂಸ್ ಬಿಟ್ಟು ಲಾಸ್ ಏಂಜಲೀಸ್ ಸೇರಿತು. ‘ಬೇಲಯಾ ಪೊಲೊಸಾ’ ಅಲ್ಲಿಂದ ಬಂದ ಆಲ್ಬಂ. ರಾಗಗಳು ಹಿಂದಿಗಿಂತ ಗಟ್ಟಿಯಾಗಿವೆ, ಬೇಸ್ ಎದೆಗೆ ತಾಕುತ್ತದೆ, ಡೆಪೆಷ್ ಮೋಡ್‌ನ ತೊಂಬತ್ತರ ದಶಕದ ಹೊಳಪು ಚೆನ್ನಾಗಿ ಮೈಗೂಡಿದೆ. ಆದರೆ ದನಿ ಮುಂದೆ ಬಂದು ನಿಂತಿದೆ. ಸ್ಟುಡಿಯೊ ದೊಡ್ಡದಾಯಿತು, ಹಾಡಿನೊಳಗಿನ ಕೋಣೆ ಚಿಕ್ಕದಾಯಿತು. ಕೆಟ್ಟ ಆಲ್ಬಂ ಅಲ್ಲವೇ ಅಲ್ಲ, ಎರಡು ಮೂರು ಹಾಡುಗಳನ್ನು ನಾನು ದಿನವೂ ಹಾಕುತ್ತಿದ್ದೇನೆ. ಆದರೂ ಈ ಹಾಡುಗಳನ್ನೇ ಯಾರಾದರೂ ಟಬ್ಬಿಯ ದಾರಿಯಲ್ಲಿ ಬಿಚ್ಚಿ, ದನಿಯನ್ನು ಮೂರು ನಿಮಿಷ ತಡೆದು ಹಿಡಿದು, ಡಬ್ ಆವೃತ್ತಿ ತಂದರೆ ಮೊದಲ ದಿನವೇ ಕೊಳ್ಳುವವನು ನಾನು.

ಈ ವಾರ ಹೆಡ್‌ಫೋನ್ ಬೇಡ, ಬೇಸ್ ಸರಿಯಾಗಿ ಕೇಳಿಸುವ ಸ್ಪೀಕರ್ ಇರಲಿ. ಮೊದಲು ‘ರಾಕರ್ಸ್ ಅಪ್‌ಟೌನ್’, ಅದರ ಬೆನ್ನಿಗೇ ‘ಬೇಲಾ ಲುಗೋಸಿಸ್ ಡೆಡ್’, ಕೊನೆಗೆ ‘ಎಂಡ್‌ಸಾಂಗ್’. ನಡುವೆ ಏನನ್ನೂ ಹಾಕಬೇಡಿ. ಟ್ವಿನ್ ಟ್ರೈಬ್ಸ್‌ಗೆ ಇಲ್ಲಿ ಜಾಗ ಉಳಿಯಲಿಲ್ಲ, ಮುಂದಿನ ವಾರ ‘ಪೆಂಡ್ಯುಲಮ್’ನಿಂದಲೇ ಶುರು ಮಾಡುತ್ತೇನೆ.