ಅಕ್ಷಯ ಬತ್ತಳಿಕೆಯೂ ಬರಿದಾಗಬೇಕು

ಈ ವಾರ ಜೆಫ್ ಹೇಸ್ ಅವರ ದನಿಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಮ್ಯಾಟ್ ಡಿನಿಮನ್ ಅವರ ‘ಡಂಜನ್ ಕ್ರಾಲರ್ ಕಾರ್ಲ್’ ಆಡಿಯೊ ಸರಣಿಯಲ್ಲಿ ಅವರದು ಬಹುತೇಕ ಒಂಟಿ ಗಂಟಲಿನ ದರ್ಬಾರು. ಚಡ್ಡಿಯಲ್ಲೇ ಪಾತಾಳಕ್ಕಿಳಿದ ಕಾರ್ಲ್, ಮಾಜಿ ಗೆಳತಿಯ ಬಿಂಕದ ಬೆಕ್ಕು ಡೋನಟ್, ಹದಿನೆಂಟು ಅಂತಸ್ತಿನ ಆ ಲೋಕವನ್ನು ಆಡಿಸುವ ಯಂತ್ರಬುದ್ಧಿ, ಎಲ್ಲರೂ ಆ ಗಂಟಲಿನಿಂದಲೇ ಹುಟ್ಟುತ್ತಾರೆ. ಇದು ಲಿಟ್‌ಆರ್‌ಪಿಜಿ, ಅಂದರೆ ಗೇಮಿನಂತೆ ಪಾತ್ರಗಳ ಬಲ, ಲೆವೆಲ್ಲು, ಸಾಮಾನುಗಳ ಪಟ್ಟಿ ಓದುತ್ತ ಸಾಗುವ ಕತೆ. ಆದರೆ ದೇವದುರ್ಗದ ಓದುಗರೊಬ್ಬರು ಕೆಣಕಿದ್ದಾರೆ: “ಪಟ್ಟಿ ಬಂತಂದ್ರ ಮುಂದಕ್ಕ ಓಡಸ್ತೀನ್ರಿ. ಉಳಿದಿದ್ದು ಒಂದೂವರಿ ಸ್ಪೀಡಿನಾಗ.” ಹಾಗಾಗಿ ಹೇಸ್ ಕಾಯಲಿ.

ಈ ಓಟದ ಪಂಥದವರೊಂದಿಗೆ ನನ್ನ ಜಗಳ ಹಳೆಯದು. ಬಲ ಇಷ್ಟು, ಚುರುಕು ಇಷ್ಟು, ಚೀಲದಲ್ಲಿ ಇಂತಿಂಥ ಸಾಮಾನು: ಇದು ಕತೆಯಲ್ಲ, ಕಿರಾಣಿ ಚೀಟಿ ಎನ್ನುವುದು ಅವರ ವಾದ. ಪುಟದ ಮೇಲಾದರೆ ನನ್ನ ಕಣ್ಣೂ ಹಾರಿಕೊಂಡೇ ಹೋಗುತ್ತದೆ. ಕಿವಿಯ ಲೆಕ್ಕ ಬೇರೆ.

ನಮ್ಮ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕೆ? ದೊಡ್ಡಾಟದಲ್ಲಿ ಭುಜಕೀರ್ತಿ ಕಟ್ಟಿದ ಪಾತ್ರ ರಂಗಕ್ಕೆ ಬಂದದ್ದೇ ತಡ, ಸಾರಥಿ ಎದುರು ನಿಂತು ನೀವ್ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಅರ್ಜುನನೆಂದು ವೇಷ ಕಂಡ ಮಕ್ಕಳಿಗೂ ಗೊತ್ತು. ಆದರೂ ಆತ ಕುಲ, ಬಿರುದು, ಗೆದ್ದ ಯುದ್ಧ, ಪಡೆದ ಬಿಲ್ಲು ಎಲ್ಲವನ್ನೂ ಒದರಿ ಮುಗಿಸುವ ತನಕ ಒಬ್ಬರೂ ಮೇಲೇಳುವುದಿಲ್ಲ. ಇನ್ನು ಮಾನ್ವಿಯ ಜಗನ್ನಾಥದಾಸರು (1728–1809) ‘ಹರಿಕಥಾಮೃತಸಾರ’ದಲ್ಲಿ ತಾರತಮ್ಯಕ್ಕೇ ಸಂಧಿಗಳನ್ನು ಮೀಸಲಿಟ್ಟರು. ಯಾವ ದೇವತೆ ಯಾವ ಕಕ್ಷೆ, ಯಾರಿಗಿಂತ ಯಾರು ಮೇಲು ಎಂಬ ವಿವರವೆಲ್ಲ ಭಾಮಿನಿ ಷಟ್ಪದಿಯಲ್ಲಿದೆ. ಭಜನೆಗೆ ಕೂತವರು ಅದನ್ನು ತಾಳ ಹಾಕಿಕೊಂಡೇ ಕೇಳುತ್ತಾರೆ. ಲೆವೆಲ್ಲುಗಳ ಪಟ್ಟಿ ಬೇಸರ ಅನ್ನುವವರು ಒಮ್ಮೆ ಅಲ್ಲಿ ಹೋಗಿ ಕೂಡಲಿ.

ಪಟ್ಟಿ ಯಾಕೆ ಬೇಕು ಅನ್ನುವುದಕ್ಕೆ ಕಿರಾತಾರ್ಜುನರ ಪ್ರಸಂಗಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅರ್ಜುನ ತಪಸ್ಸಿಗೆ ಹೊರಟಾಗ ಅವನಲ್ಲಿದ್ದದ್ದೇನು? ಖಾಂಡವ ದಹನದ ಕಾಲಕ್ಕೆ ಅಗ್ನಿ ಕೊಡಿಸಿದ ಗಾಂಡೀವ, ಎಂದೂ ಬರಿದಾಗದ ಬತ್ತಳಿಕೆ, ಸೊಂಟದಲ್ಲಿ ಕತ್ತಿ. ಹಂದಿಯ ನೆಪದಲ್ಲಿ ಬೇಡನೊಡನೆ ಜಗಳ ಹುಟ್ಟಿತು. ಬಾಣದ ಮೇಲೆ ಬಾಣ ಬಿಟ್ಟ. ಬತ್ತಳಿಕೆಗೆ ಕೈ ಹಾಕಿದರೆ ಏನೂ ಇಲ್ಲ, ಅಕ್ಷಯವೇ ಮುಗಿದಿದೆ! ಬಿಲ್ಲಿನಿಂದಲೇ ಬಡಿಯಹೋದ, ಬೇಡ ಅದನ್ನೂ ಕಸಿದ. ಕತ್ತಿ ಬೀಸಿದ, ಬೇಡನ ತಲೆಗೆ ತಾಗಿ ಅದೇ ಮುರಿಯಿತು. ಮರ ಕಿತ್ತ, ಬಂಡೆ ಎತ್ತಿದ, ಕೊನೆಗೆ ಬರಿಗೈ ಮುಷ್ಟಿ. ಅದೂ ಸೋತಿತು. ಮಣ್ಣಿನಲ್ಲಿ ಶಿವನನ್ನು ಮಾಡಿ ಹೂಮಾಲೆ ಏರಿಸಿದರೆ, ಮಾಲೆ ಬೇಡನ ತಲೆಯ ಮೇಲೆ! ಬೇಡನೇ ಶಿವ; ಪಾಶುಪತಾಸ್ತ್ರ ಸಿಕ್ಕದ್ದು ಆಮೇಲೆ.

ಬತ್ತಳಿಕೆ ಅಕ್ಷಯವೆಂದು ಮೊದಲೇ ಕೇಳಿಸಿಕೊಳ್ಳದವನಿಗೆ ಅದು ಬರಿದಾದಾಗ ಎದೆ ಝಲ್ಲೆನ್ನುವುದು ಹೇಗೆ? ಪಟ್ಟಿ ಹಾರಿಸಿದವನ ಪಾಲಿಗೆ ಬಾಣ ಮುಗಿದದ್ದು ಬರೀ ಬಾಣ ಮುಗಿದದ್ದು, ಅಷ್ಟೆ. ಇನ್ನು ವೇಗದ ಮಾತು: ರಾಯಚೂರು ಬಿಟ್ಟು ಗಬ್ಬೂರು ದಾಟಿ ದೇವದುರ್ಗ ಮುಟ್ಟುವ ಬಸ್ಸು ತನ್ನ ಪಾಡಿಗೆ ತಾನು ಹೋಗುತ್ತದೆ. ಅದರಲ್ಲಿ ಕೂತು ಕಾರ್ಲ್‌ನ ಕತೆಯನ್ನು ಓಡಿಸಿದ ಮಾತ್ರಕ್ಕೆ ಊರು ಬೇಗ ಬರುವುದಿಲ್ಲ.

ಕನ್ನಡದಲ್ಲಿ ಲಿಟ್‌ಆರ್‌ಪಿಜಿ ಬರೆಯಹೊರಟವರಿಗೆ ಇಷ್ಟೇ ಹೇಳುವುದು: ನಾಯಕನ ಕೈಗೆ ಏನೇನು ಕೊಟ್ಟಿರೆಂದು ಸಾವಕಾಶ ಎಣಿಸಿ ಹೇಳಿ, ಆಮೇಲೆ ಒಂದೊಂದಾಗಿ ಕಸಿದುಕೊಳ್ಳಿ. ಎಣಿಸುವುದನ್ನು ಕಲಿಯಲು ಇಂಗ್ಲಿಷ್ ಸರಣಿಗಳೇ ಬೇಕಿಲ್ಲ, ದೊಡ್ಡಾಟದ ಮಾಸ್ತರರನ್ನು ಕೇಳಿದರೂ ಸಾಕು.