ಅಕ್ಕಿ ಮೂಟೆಯ ಸಾಕ್ಷಿ

ಮನೆಯ ತೂಕದ ಮಷೀನು ಸರಿಯಾಗಿದೆಯೇ ಎಂದು ನೋಡಲು ಎಲ್ಲರೂ ಮಾಡುವ ಪರೀಕ್ಷೆ ಒಂದೇ. ಹತ್ತಿ ನಿಲ್ಲುತ್ತಾರೆ, ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಎರಡು ಸಲವೂ ಅದೇ ಅಂಕಿ ಬಂದರೆ ಮಷೀನು ಸರಿಯಿದೆ. ಎರಡನೆಯ ಸಲ ಕಡಿಮೆ ಬಂದರೆ ಇನ್ನೂ ಸರಿಯಿದೆ. ಹೆಚ್ಚು ಬಂದರೆ ಮಾತ್ರ ಕೆಟ್ಟಿದೆ! ಅಳತೆ-ತೂಕದ ಹುಚ್ಚು ಹತ್ತಿದವರಿಗೆ ಇದನ್ನು ನೋಡಿದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಇಲ್ಲಿ ಪರೀಕ್ಷೆ ಮಾಡುತ್ತಿರುವವರು ಯಾರು, ಪರೀಕ್ಷೆಗೆ ಕೂತವರು ಯಾರು ಎಂಬುದೇ ತಿಳಿಯುವುದಿಲ್ಲ.

ಮೊದಲನೆಯ ತೊಡಕು ದೇಹದ್ದು. ತೂಕದ ಬಟ್ಟಾಗುವ ಯೋಗ್ಯತೆ ಅದಕ್ಕಿಲ್ಲ. ಅರ್ಧ ಲೀಟರ್ ನೀರು ಕುಡಿದರೆ ಆ ಕ್ಷಣವೇ ಅರ್ಧ ಕೆಜಿ ಏರುತ್ತದೆ. ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ, ಇನ್ನೂ ಬಚ್ಚಲಿನ ಕಡೆ ಹೋಗದಿದ್ದರೂ, ಉಸಿರು ಮತ್ತು ಬೆವರಿನ ದಾರಿಯಲ್ಲಿ ಒಂದಿಷ್ಟು ತೂಕ ಹೊರಟುಹೋಗಿರುತ್ತದೆ. ಇದನ್ನು ಪಟ್ಟು ಹಿಡಿದು ಅಳೆದವನು ಇಟಲಿಯ ಪಡುವಾದ ವೈದ್ಯ ಸಾಂಟೋರಿಯೊ. ದೊಡ್ಡ ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು, ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿದ. ಲೆಕ್ಕಕ್ಕೆ ಸಿಗದ ಪಾಲು ಚರ್ಮ ಮತ್ತು ಉಸಿರಿನ ಮೂಲಕ ಕಣ್ಣಿಗೆ ಕಾಣದಂತೆ ಹೋಗುತ್ತಿದೆ ಎಂದು 1614ರಲ್ಲಿ ಪುಸ್ತಕ ಬರೆದ. ಗಳಿಗೆಗೊಂದು ತೂಕವಿರುವ ಇಂಥ ವಸ್ತುವಿನಿಂದ ಯಂತ್ರವನ್ನು ಪರೀಕ್ಷಿಸುವುದೆಂದರೆ ರಬ್ಬರ್ ಟೇಪು ಹಿಡಿದು ಬಟ್ಟೆ ಅಳೆದಂತೆ.

ಎರಡನೆಯ ತೊಡಕು ಯಂತ್ರದ್ದು, ಮತ್ತು ಇದು ಹೆಚ್ಚು ಸ್ವಾರಸ್ಯದ್ದು. ಈಗಿನ ಕೆಲವು ಡಿಜಿಟಲ್ ಮಷೀನುಗಳಿಗೆ ನೆನಪಿನ ಶಕ್ತಿಯಿದೆ. ನೀವು ಇಳಿದು ಮತ್ತೆ ಹತ್ತಿದಾಗ ಹೊಸ ತೂಕ ಹಳೆಯದಕ್ಕೆ ತೀರಾ ಹತ್ತಿರವಿದ್ದರೆ, ಹೊಸದನ್ನು ಪಕ್ಕಕ್ಕಿಟ್ಟು ಹಳೆಯ ಅಂಕಿಯನ್ನೇ ತೋರಿಸಿಬಿಡುತ್ತವೆ. ಎರಡು ಸಲಕ್ಕೆ ಎರಡು ಅಂಕಿ ಬಂದರೆ ಗಿರಾಕಿ ದೂರುತ್ತಾನೆ, ಒಂದೇ ಬಂದರೆ ಮೆಚ್ಚುತ್ತಾನೆ. ನೀವು ಹತ್ತಿ ಇಳಿದು ಮಾಡಿದ ಪರೀಕ್ಷೆಯ ಉತ್ತರವನ್ನು ಮಷೀನು ಮೊದಲೇ ಬಾಯಿಪಾಠ ಮಾಡಿಕೊಂಡಿರುತ್ತದೆ.

ಹಾಗಾದರೆ ಇಂಥ ಯಂತ್ರದಿಂದ ಬಯಸಬೇಕಾದ್ದೇನು? ನನ್ನ ಮಟ್ಟಿಗೆ ಒಂದೇ ಒಂದು ಗುಣ, ನಿಯತ್ತು. ಒಂದೇ ಭಾರಕ್ಕೆ ಪ್ರತಿ ಸಲವೂ ಒಂದೇ ಉತ್ತರ. ಭಾರ ಹಲಗೆಯ ಯಾವ ಮೂಲೆಯಲ್ಲಿದ್ದರೂ ಅದೇ ಉತ್ತರ. ಆ ಉತ್ತರ ಸತ್ಯವೇ ಎಂಬುದು ಪ್ರತ್ಯೇಕ ಪ್ರಶ್ನೆ. ಸತ್ಯವನ್ನು ಹೊರಗಿನಿಂದ ತಂದು ಕೂಡಿಸಿಕೊಳ್ಳಬಹುದು. ನಿಯತ್ತಿಲ್ಲದ ಯಂತ್ರಕ್ಕೆ ನಿಯತ್ತನ್ನು ತಂದುಕೊಡಲು ಯಾರಿಂದಲೂ ಆಗದು. ಅಂಗಡಿಯ ತಕ್ಕಡಿಗೆ ಮುದ್ರೆ ಹಾಕಲು ಬರುವ ಇನ್‌ಸ್ಪೆಕ್ಟರು ಕೂಡ ಇವನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ. ಅವರ ಕ್ರಮವನ್ನೇ ಮನೆಗೆ ತರೋಣ.

ಅದಕ್ಕೂ ಮುಂಚೆ ಮಷೀನಿನ ಹೊಟ್ಟೆಯೊಳಗೆ ಇಣುಕಬೇಕು. ಗಾಜಿನ ಹಲಗೆಯ ನಾಲ್ಕು ಕಾಲುಗಳಲ್ಲಿ ಒಂದೊಂದು ಲೋಡ್ ಸೆಲ್ ಇರುತ್ತದೆ. ಅದೊಂದು ಲೋಹದ ಪಟ್ಟಿ. ಅದರ ಮೈಗೆ ಸ್ಟ್ರೇನ್ ಗೇಜ್ ಎಂಬ ಕೂದಲೆಳೆಯ ವಾಹಕವನ್ನು ಅಂಟಿಸಿರುತ್ತಾರೆ. ಭಾರ ಬಿದ್ದಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ವಾಹಕ ಹಿಗ್ಗುತ್ತದೆ, ಅದರ ವಿದ್ಯುತ್ ರೋಧ ಬದಲಾಗುತ್ತದೆ. ನಾಲ್ಕೂ ಕಾಲುಗಳ ಬದಲಾವಣೆಯನ್ನು ಒಟ್ಟುಗೂಡಿಸಿ ಚಿಪ್ ಕೆಜಿಗೆ ತಿರುಗಿಸುತ್ತದೆ. ಈ ಸ್ಟ್ರೇನ್ ಗೇಜನ್ನು 1938ರ ಸುಮಾರಿಗೆ ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಒಬ್ಬರಿಗೊಬ್ಬರು ತಿಳಿಯದಂತೆ ಕಂಡುಹಿಡಿದರು. ಲಾರಿ ತೂಗುವ ವೇ ಬ್ರಿಜ್‌ನಿಂದ ಹಿಡಿದು ನಿಮ್ಮ ಮಂಚದಡಿಯ ಮಷೀನಿನವರೆಗೆ ಇವತ್ತು ಅದರದೇ ರಾಜ್ಯಭಾರ.

ಇದರಿಂದ ಹೊರಡುವ ಮೊದಲ ಪಾಠ ಜಾಗದ್ದು. ಇಡೀ ಭಾರ ಆ ನಾಲ್ಕು ಕಾಲುಗಳ ಮೂಲಕವೇ ನೆಲಕ್ಕೆ ಇಳಿಯಬೇಕು. ಕಾರ್ಪೆಟ್ಟಿನ ಮೇಲಿಟ್ಟರೆ ಕಾಲುಗಳು ಹೂತು ಹಲಗೆಯ ಹೊಟ್ಟೆಯೇ ನೆಲಕ್ಕೆ ತಾಗುತ್ತದೆ, ಆ ಪಾಲಿನ ಭಾರ ಲೆಕ್ಕಕ್ಕೆ ಬರುವುದಿಲ್ಲ. ನೆಲ ಉಬ್ಬುತಗ್ಗಾಗಿದ್ದರೆ ಒಂದು ಕಾಲು ಗಾಳಿಯಲ್ಲಿರುತ್ತದೆ, ಮಷೀನು ಓಲಾಡುತ್ತದೆ. ಹೆಸರಿಗೆ ಬಾತ್‌ರೂಮ್ ಸ್ಕೇಲ್ ಆದರೂ ನಮ್ಮ ಬಾತ್‌ರೂಮು ಅದಕ್ಕೆ ಅತಿ ಕೆಟ್ಟ ಜಾಗ. ನೀರು ಹರಿದುಹೋಗಲೆಂದು ನೆಲವನ್ನು ಜಾಲರಿಯ ಕಡೆ ಇಳಿಜಾರು ಮಾಡಿರುತ್ತಾರೆ, ಮೇಲೆ ಸದಾ ಒದ್ದೆ. ಹಜಾರದ ಗಟ್ಟಿ ಟೈಲ್ಸೋ, ಹಳೆಯ ಮನೆಯ ರೆಡ್ ಆಕ್ಸೈಡ್ ನೆಲವೋ ಇದ್ದರೆ ಅಲ್ಲಿ ಇಡಿ. ಒಂದು ಜಾಗ ಗೊತ್ತುಮಾಡಿದ ಮೇಲೆ ಕದಲಿಸಬೇಡಿ. ಗೋಡೆಗೆ ಒರಗಿಸಿಟ್ಟಿದ್ದ ಮಷೀನನ್ನು ನೆಲಕ್ಕಿಟ್ಟ ಕೂಡಲೇ ಹತ್ತಬೇಡಿ. ಮೊದಲು ಕಾಲಿನಿಂದ ಒಮ್ಮೆ ಒತ್ತಿ ಎಬ್ಬಿಸಿ, ಸೊನ್ನೆ ತೋರಿಸಿ ತಾನಾಗಿ ಆರಿಹೋಗಲು ಬಿಡಿ. ಮುಂದಿನ ಸಲದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಿರಿ. ಮುಳ್ಳಿರುವ ಹಳೆಯ ಸ್ಪ್ರಿಂಗ್ ಮಷೀನಾದರೆ ಮುಳ್ಳನ್ನು ಸೊನ್ನೆಗೆ ತರುವ ತಿರುಪು ಇರುತ್ತದೆ. ಬಗ್ಗಿ ನೋಡದೆ, ನೆಟ್ಟಗೆ ನಿಂತೇ ಮುಳ್ಳನ್ನು ಓದಬೇಕು.

ಈಗ ನಿಯತ್ತಿನ ಪರೀಕ್ಷೆ. ಒಮ್ಮೆ ಹತ್ತಿ ಅಂಕಿ ನೋಡಿಕೊಳ್ಳಿ. ಇಳಿದು, ಅರ್ಧ ಲೀಟರಿನ ತುಂಬಿದ ನೀರಿನ ಬಾಟಲಿ ಹಿಡಿದು ಮತ್ತೆ ಹತ್ತಿ. ಅರ್ಧ ಕೆಜಿಯ ಆಸುಪಾಸು ಏರಬೇಕು. ಒಂದು ಚುಕ್ಕಿಯೂ ಕದಲದೆ ಹಳೆಯ ಅಂಕಿಯೇ ಬಂದರೆ ನೆನಪಿನ ಆಟ ಬಯಲಾಯಿತು. ಅಂಥ ಮಷೀನನ್ನು ಮುಂದೆಯೂ ಬಳಸಬೇಕಾದರೆ ಎರಡು ತೂಕಗಳ ನಡುವೆ ಭಾರವಾದ ಬೇರೆ ಏನನ್ನಾದರೂ ತೂಗಿ ಅದರ ನೆನಪು ಅಳಿಸಬೇಕು.

ಮುಂದಿನದು ಮೂಲೆಗಳ ಪರೀಕ್ಷೆ. ಇನ್‌ಸ್ಪೆಕ್ಟರು ಒಂದೇ ಬಟ್ಟನ್ನು ಹಲಗೆಯ ನಾಲ್ಕೂ ಮೂಲೆಗೆ ಸರಿಸಿ ನೋಡುತ್ತಾರೆ. ಮನೆಯಲ್ಲಿ ನೀವು ಎಡಗಾಲಿಗೆ, ಬಲಗಾಲಿಗೆ, ಹಿಮ್ಮಡಿಗೆ, ಮುಂಗಾಲಿಗೆ ಭಾರ ಹಾಕಿ ಒಂದೊಂದು ಸಲ ನಿಂತು ನೋಡಿದರೆ ಸಾಕು, ಗಾಜಿನ ಅಂಚಿಗೆ ಮಾತ್ರ ಹೋಗಬೇಡಿ. ನಾಲ್ಕೂ ಅಂಕಿಗಳು ಒಂದೆರಡು ನೂರು ಗ್ರಾಮಿನ ಒಳಗಿದ್ದರೆ ನಾಲ್ಕೂ ಸೆಲ್‌ಗಳ ನಡುವೆ ಒಗ್ಗಟ್ಟಿದೆ. ಅದಕ್ಕಿಂತ ದೂರ ಹೋದರೆ ಹಲಗೆಯ ಮೇಲೆ ಪಾದದ ಗುರುತು ಹಾಕಿಕೊಂಡು ಸದಾ ಅಲ್ಲೇ ನಿಲ್ಲುವುದೊಂದೇ ಉಪಾಯ.

ಪರದೆಯ ದಶಮಾಂಶಕ್ಕೆ ಮರುಳಾಗಬಾರದು. 100 ಗ್ರಾಮಿನ ಹೆಜ್ಜೆಯಲ್ಲಿ ಅಂಕಿ ತೋರಿಸುವ ಮಷೀನು 100 ಗ್ರಾಮಿನಷ್ಟು ನಿಖರ ಎಂದು ಯಾರೂ ಮಾತು ಕೊಟ್ಟಿಲ್ಲ. ಹಿಂದೆ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪ ಮಿನುಗಿಸುತ್ತ ನಿಂತಿರುತ್ತಿದ್ದ ಮಷೀನು ನಾಣ್ಯ ನುಂಗಿ ರಟ್ಟಿನ ಚೀಟಿ ಉಗುಳುತ್ತಿತ್ತು. ಚೀಟಿಯಲ್ಲಿ ತೂಕದ ಜೊತೆಗೆ ಭವಿಷ್ಯವೂ ಅಚ್ಚಾಗಿರುತ್ತಿತ್ತು. ಎರಡನ್ನೂ ಎಷ್ಟೆಷ್ಟು ನಂಬಬೇಕೆಂದು ಆಗಿನ ಪ್ರಯಾಣಿಕರಿಗೆ ಚೆನ್ನಾಗಿ ಗೊತ್ತಿತ್ತು.

ನಿಯತ್ತು ಖಾತ್ರಿಯಾದ ಮೇಲೆ ಸತ್ಯದ ಸರದಿ. ಕಿಲೋಗ್ರಾಮಿನ ಸತ್ಯ ಬಹಳ ಕಾಲ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ, ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಪುಟ್ಟ ಉರುಳೆಯೊಂದರಲ್ಲಿತ್ತು. 2019ರ ಮೇ 20ರಿಂದ ಅದು ಪ್ಲಾಂಕ್ ಸ್ಥಿರಾಂಕಕ್ಕೆ ವರ್ಗವಾಗಿದೆ. ಆ ಉರುಳೆಯ 57ನೇ ನಂಬರಿನ ಪ್ರತಿ ಭಾರತದ ಪಾಲಿಗೆ ಬಂದು ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಅದರಿಂದ ಇಳಿದು ಬರುವ ಬಟ್ಟುಗಳ ವಂಶಾವಳಿ ಬೆಂಗಳೂರಿನ ಪ್ರಾದೇಶಿಕ ಪ್ರಯೋಗಾಲಯ, ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆ, ಇನ್‌ಸ್ಪೆಕ್ಟರ ಪೆಟ್ಟಿಗೆ ಇವುಗಳನ್ನು ದಾಟಿ ನಿಮ್ಮ ಬೀದಿಯ ಅಕ್ಕಿ ಅಂಗಡಿಯ ಪ್ಲಾಟ್‌ಫಾರ್ಮ್ ತಕ್ಕಡಿಗೆ ಮುಟ್ಟುತ್ತದೆ. ವ್ಯಾಪಾರದ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಲೇಬೇಕು. ಮನೆಯ ಮಷೀನು ವ್ಯಾಪಾರದ್ದಲ್ಲ, ಅದಕ್ಕೆ ಆ ಕಟ್ಟಳೆಯಿಲ್ಲ, ಕೇಳುವವರೂ ಇಲ್ಲ. ಹಾಗಾಗಿ ಸತ್ಯವನ್ನು ಅಂಗಡಿಯಿಂದ ಹೊತ್ತು ತರಬೇಕು. ಹೊತ್ತು ತರಲು ಅಕ್ಕಿ ಮೂಟೆಗಿಂತ ಒಳ್ಳೆಯ ವಾಹನ ನನಗೆ ಕಂಡಿಲ್ಲ.

2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಯ ಮೇಲೆ ಶೇ 5ರ ಜಿಎಸ್‌ಟಿ ಬಂದ ಮೇಲೆ 26 ಕೆಜಿ ಚೀಲ ಅನೇಕ ಅಂಗಡಿಗಳಲ್ಲಿ ಮಾಮೂಲಾಯಿತು. ತೆರಿಗೆಯ ಗಡಿ ದಾಟಲು ಸೇರಿಸಿದ ಆ ಒಂದು ಕೆಜಿ ನಮ್ಮ ಕೆಲಸಕ್ಕೆ ಅಡ್ಡಿಯಲ್ಲ. ಆದರೆ ಚೀಲದ ಮೇಲೆ ಅಚ್ಚಾದ ಅಂಕಿಯನ್ನೇ ನೆಚ್ಚಬೇಡಿ. ಅದು ಅಕ್ಕಿಯ ನಿವ್ವಳ ತೂಕ, ಚೀಲ ಅದರಲ್ಲಿ ಸೇರಿಲ್ಲ. ಮೇಲಾಗಿ ದೊಡ್ಡ ಪ್ಯಾಕಿಗೆ ನಿಯಮವೇ ಶೇ 1ರಷ್ಟು ಏರುಪೇರನ್ನು ಒಪ್ಪುತ್ತದೆ. ಆ ಲೆಕ್ಕದಲ್ಲಿ 26 ಕೆಜಿಗೆ 260 ಗ್ರಾಂ. ಬದಲಿಗೆ, ಈ ವರ್ಷದ ಮುದ್ರೆಯಿರುವ ತಕ್ಕಡಿಯ ಮೇಲೆ ಇಡೀ ಮೂಟೆಯನ್ನು ಚೀಲಸಮೇತ ತೂಗಿಸಿ, ಬಂದ ಅಂಕಿಯನ್ನು ಚೀಲದ ಮೇಲೆಯೇ ಬರೆದುಕೊಳ್ಳಿ. 50 ಗ್ರಾಮಿನ ಹೆಜ್ಜೆಯ ಅಂಗಡಿ ತಕ್ಕಡಿಗೆ ಆ ಭಾರದಲ್ಲಿ ಮುದ್ರೆಯ ಹೊತ್ತಿಗೆ ಇರುವ ರಿಯಾಯಿತಿ ಬರೀ 50 ಗ್ರಾಂ. ನಮಗೆ ಅದು ಧಾರಾಳವಾಗಿ ಸಾಕು. ಜಿಮ್ಮಿನ ಎರಕದ ಕಬ್ಬಿಣದ ತಟ್ಟೆಗಳು ಈ ಕೆಲಸಕ್ಕೆ ಬೇಡ, ಅವುಗಳ ಮೇಲಿನ ಅಂಕಿ ಅಂದಾಜಿನದು. ಸಕ್ಕರೆಯ ಒಂದು ಕೆಜಿ ಪ್ಯಾಕೆಟ್ಟೂ ಬೇಡ, ಅಷ್ಟು ಚಿಕ್ಕ ಭಾರಕ್ಕೆ ಹಲವು ಮಷೀನುಗಳು ಎಚ್ಚರವೇ ಆಗುವುದಿಲ್ಲ.

ಮೂಟೆಯನ್ನು ತಂದು ಮಷೀನಿನ ಮೇಲೆ ಒಂಟಿಯಾಗಿ ಇಡುವುದು ಅರ್ಧ ಪರೀಕ್ಷೆ. 26 ಕೆಜಿಯಲ್ಲಿ ಸರಿ ಹೇಳಿದ ಮಷೀನು 70ರಲ್ಲೂ ಸರಿ ಹೇಳಬೇಕೆಂದಿಲ್ಲ. ನಿಮಗೆ ಬೇಕಾದ್ದು 70ರ ಸುತ್ತಮುತ್ತಲಿನ ಸತ್ಯ. ಆದ್ದರಿಂದ ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ಮೂಟೆ ಎತ್ತಿಕೊಂಡು ನಿಲ್ಲಿ. ಬೆನ್ನು ನೋವಿದ್ದವರು ಮನೆಯ ಗಟ್ಟಿಗರ ಕೈಲಿ ಮಾಡಿಸಲಿ. ಉದಾಹರಣೆಗೆ 68.4 ಇದ್ದದ್ದು 94.5 ಆದರೆ ವ್ಯತ್ಯಾಸ 26.1. ಅಂಗಡಿಯ ಅಂಕಿಯೂ 26.1 ಆಗಿದ್ದರೆ ನಿಮ್ಮ ಮಷೀನು ಆ ಹಾದಿಯಲ್ಲಿ ಹೆಜ್ಜೆ ತಪ್ಪಿಲ್ಲ. ಈ ಉಪಾಯ ಹೊಸದೇನಲ್ಲ. ತಾಯಿ-ಮಗು ತಕ್ಕಡಿಯಲ್ಲಿ ನಡೆಯುವುದು ಇದೇ. ತಾಯಿ ಹತ್ತಿ ನಿಲ್ಲುತ್ತಾಳೆ, ಅಂಕಿಯನ್ನು ಸೊನ್ನೆಗೆ ತರುತ್ತಾರೆ, ಆಮೇಲೆ ಮಗುವನ್ನು ಕೈಗೆ ಕೊಡುತ್ತಾರೆ. ಕೈಕಾಲು ಬಡಿಯುವ ಕೂಸಿನ ತೂಕ ಪರದೆಯ ಮೇಲೆ ಬರುತ್ತದೆ.

ಸ್ಥಳೀಯ ಅಂಗಡಿಯ ಮೂಟೆಗೆ ಇನ್ನೊಂದು ಗುಣವಿದೆ, ಅದು ಭೂಮಿಯ ಪಕ್ಷಪಾತವನ್ನು ಸರಿದೂಗಿಸುತ್ತದೆ. ಲೋಡ್ ಸೆಲ್ ಆಗಲಿ ಸ್ಪ್ರಿಂಗ್ ಆಗಲಿ ಅಳೆಯುವುದು ಭೂಮಿ ನಿಮ್ಮನ್ನು ಎಳೆಯುವ ಬಲವನ್ನು. ಆ ಸೆಳೆತ ಲಂಡನ್ನಿನಲ್ಲಿ 9.81 ಮೀ/ಸೆ², ಬೆಂಗಳೂರಿನಲ್ಲಿ 9.78. ಲಂಡನ್ನಿಗೆ ಹೊಂದಿಸಿದ ಮಷೀನನ್ನು ಅಲ್ಲಿಂದ ವಾಪಸಾದ ಕನ್ನಡಿಗರು ಸೂಟ್‌ಕೇಸಿನಲ್ಲಿ ತಂದರೆ ಇಲ್ಲಿ 70 ಕೆಜಿಯವರು ಏನೂ ಮಾಡದೆ ಸುಮಾರು 225 ಗ್ರಾಂ ಇಳಿದಿರುತ್ತಾರೆ. ಎರಡು ತಟ್ಟೆಯ ತಕ್ಕಡಿಗೆ ಈ ಕಾಟವಿಲ್ಲ. ಸೆಳೆತ ಕಡಿಮೆಯಾದರೆ ಎರಡೂ ಕಡೆಗೆ ಸಮನಾಗಿ ಕಡಿಮೆಯಾಗುತ್ತದೆ. ಹಂಪಿಯ ವಿಠಲ ದೇವಸ್ಥಾನದ ಬಳಿ ತುಲಾಭಾರದ ಕಲ್ಲಿನ ಕಮಾನು ಈಗಲೂ ನಿಂತಿದೆ. ಅದರ ತೊಲೆಗೆ ತೂಗುಹಾಕುವ ತಕ್ಕಡಿಯನ್ನು ಲಂಡನ್ನಿಗೆ ಒಯ್ದಿದ್ದರೂ ಅರಸನ ತೂಕಕ್ಕೆ ಬೀಳುವ ಚಿನ್ನ ಒಂದು ಗುಲಗಂಜಿಯಷ್ಟೂ ಬದಲಾಗುತ್ತಿರಲಿಲ್ಲ. ನಿಮ್ಮ ಅಂಗಡಿಯ ತಕ್ಕಡಿ ಲೋಡ್ ಸೆಲ್ಲಿನದೇ ಆದರೂ, ಇದೇ ಊರಿನಲ್ಲಿ ಬಟ್ಟುಗಳನ್ನಿಟ್ಟು ತಾಳೆ ನೋಡಿ ಮುದ್ರೆ ಹಾಕಿದ್ದು.

ಇಷ್ಟೆಲ್ಲ ಆದ ಮೇಲೆ ಮಷೀನು ತಪ್ಪು ಎಂದೇ ತೀರ್ಮಾನವಾದರೆ? ಎಸೆಯುವ ಮುನ್ನ ಫ್ರಾನ್ಸಿನ ಗಣಿತಜ್ಞ ಬೋರ್ಡಾನನ್ನು ನೆನೆಯಿರಿ. ಹದಿನೆಂಟನೆಯ ಶತಮಾನದ ಈತನ ಹೆಸರಿನಲ್ಲಿ ನಿಂತಿರುವ ಬದಲಿ ತೂಕದ ವಿಧಾನ ನನ್ನ ಕಣ್ಣಿಗೆ ತೂಕದ ಕಲೆಯಲ್ಲೇ ಅತಿ ಚೆಲುವಾದದ್ದು. ನೀವು ಹತ್ತಿ ನಿಂತಾಗ ಮಷೀನು 66.8 ಎಂದಿತೆನ್ನಿ. ಇಳಿಯಿರಿ. ಈಗ ಅಂಗಡಿಯಲ್ಲಿ ತೂಗಿಸಿ ತಂದ ಎರಡು ಮೂಟೆಗಳನ್ನೂ, ಮೇಲೊಂದು ಬಕೆಟ್ಟನ್ನೂ ಇಟ್ಟು, ಅದೇ 66.8 ಬರುವವರೆಗೆ ನೀರು ಸುರಿಯುತ್ತ ಬನ್ನಿ. ಆ ಮೂಟೆಗಳು, ಬಕೆಟ್ಟು ಮತ್ತು ಲೀಟರಿಗೆ ಒಂದು ಕೆಜಿಯಂತೆ ಎಣಿಸಿ ಸುರಿದ ನೀರು ಸೇರಿದ ಮೊತ್ತವೇ ನಿಮ್ಮ ನಿಜವಾದ ತೂಕ. ಮಷೀನು ಹೇಳಿದ 66.8 ಸುಳ್ಳಾಗಿದ್ದರೂ ಚಿಂತೆಯಿಲ್ಲ, ಎರಡೂ ಸಲ ಅದೇ ಸುಳ್ಳನ್ನು ಹೇಳಿದ್ದರೆ ಸಾಕು. ನಿಯತ್ತಿನ ಬೆಲೆ ಅಷ್ಟು.

ಆದ್ದರಿಂದ ಸದಾ 700 ಗ್ರಾಂ ಹೆಚ್ಚು ತೋರಿಸುವ ಮಷೀನನ್ನು ಧೈರ್ಯವಾಗಿ ಇಟ್ಟುಕೊಳ್ಳಿ, ಆ ಅಂಕಿಯನ್ನು ಅದರ ಬೆನ್ನಿಗೆ ಚೀಟಿ ಮಾಡಿ ಅಂಟಿಸಿ. ಒಮ್ಮೆ 300 ಹೆಚ್ಚು, ಇನ್ನೊಮ್ಮೆ 300 ಕಡಿಮೆ ಎನ್ನುವುದನ್ನು, ಸರಾಸರಿಯಲ್ಲಿ ಸರಿಯಿದ್ದರೂ, ಗುಜರಿಗೆ ಹಾಕಿ. ಹೊಸದು ಕೊಳ್ಳಲು ಹೋಗುವಾಗ ಕೈಯಲ್ಲೊಂದು ತುಂಬಿದ ನೀರಿನ ಬಾಟಲಿ ಇರಲಿ. ದುಡ್ಡು ಕೊಡುವ ಮೊದಲು ಅದನ್ನು ಬಿಟ್ಟು ಒಮ್ಮೆ, ಹಿಡಿದು ಒಮ್ಮೆ ನಿಲ್ಲಿ. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ನೋಡಲಿ. ಬಾಟಲಿಯ ಭಾರ ಪರದೆಯ ಮೇಲೆ ಬರದಿದ್ದರೆ ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿದ್ದರೂ ಆ ಮಷೀನು ಬೇಡ.