ಕಂಬ ಮತ್ತು ಚಾವಡಿ: ಗುತ್ತಿನ ಮನೆಗಳ ಅಧ್ಯಯನದ ಒಂದು ಕೊರತೆ

ಲಾಯಿಲವೂ ಸೇರಿದಂತೆ ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗಿನ ಅರಮನೆ, ಬೀಡು, ಗುತ್ತಿನ ಮನೆಗಳನ್ನು ಕುರಿತ ಬರಹಗಳು ಬಹುಮಟ್ಟಿಗೆ ಮರಗೆತ್ತನೆಯ ವರ್ಣನೆಯಲ್ಲೇ ಮುಗಿಯುತ್ತವೆ. ಮೂಡುಬಿದಿರೆಯ ಚೌಟರ ಅರಮನೆಯ ಕಂಬಗಳು ಇದಕ್ಕೆ ನಿದರ್ಶನ. ಒಂಬತ್ತು ಸ್ತ್ರೀಯರು ಬೆಸೆದು ಆನೆಯಾದ ನವನಾರೀಕುಂಜರ, ಐವರು ಕೂಡಿ ಕುದುರೆಯಾದ ಪಂಚನಾರೀತುರಗ ಅಲ್ಲಿವೆ. ಅವುಗಳಿಗೆ ಸಂದ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಕಂಬವನ್ನಷ್ಟೇ ಬಿಡಿಸಿ ನೋಡಿದರೆ ಕೈಗೆ ಸಿಗುವುದು ಶಿಲ್ಪ, ಮನೆಯಲ್ಲ.

ಗುತ್ತಿನ ಚಾವಡಿ ಯಜಮಾನನ ಪಡಸಾಲೆ ಮಾತ್ರವಲ್ಲ. ದೈವದ ಉಯ್ಯಾಲೆ ಇರುವುದು, ಊರಿನ ನ್ಯಾಯತೀರ್ಮಾನ ನಡೆಯುತ್ತಿದ್ದುದು, ನೇಮಕ್ಕೆ ಭಂಡಾರ ಹೊರಡುವುದು ಅಲ್ಲಿಂದಲೇ. ಭತ್ತ ಬಡಿಯುವ ಅಂಗಳವೇ ಎಷ್ಟೋ ಕಡೆ ನೇಮದ ಕಳವೂ ಆಗುತ್ತದೆ. ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ಜಗಲಿ, ಮೆಟ್ಟಿಲುಗಳೇ ಹೇಳುತ್ತಿದ್ದವು. ನೇಮ ಕಟ್ಟುವ ಪಂಬದ, ಪರವ, ನಲಿಕೆಯವರು ದೈವವಾಗಿ ನಿಂತು ಗುತ್ತಿನವರನ್ನೇ ಪ್ರಶ್ನಿಸಬಲ್ಲವರು. ಅಣಿ ಕಳಚಿದ ಮೇಲೆ ಅದೇ ಚಾವಡಿಯನ್ನು ಏರಲಾಗದವರು. ವಾಸ್ತುವೈಭವವನ್ನು ಬಣ್ಣಿಸುವವರು ಈ ಮೆಟ್ಟಿಲನ್ನು ಅಳೆದಿದ್ದಾರೆಯೇ ಹೊರತು ಓದಿಲ್ಲ.

1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ನಿಂತಿತು. ಅಳಿಯಸಂತಾನದ ಕೂಡುಕುಟುಂಬಗಳು ಅದಕ್ಕೂ ಮೊದಲೇ ಪಾಲಾಗತೊಡಗಿದ್ದವು. ದೊಡ್ಡ ಮಾಡುಗಳನ್ನು ವರ್ಷವರ್ಷವೂ ದುರಸ್ತಿ ಮಾಡಿಸುವ ಶಕ್ತಿ ಅನೇಕರಿಗೆ ಉಳಿಯಲಿಲ್ಲ. ಆದರೂ ವಾಸದ ಮನೆಯನ್ನು ಕೆಡವಿ ಕಾಂಕ್ರೀಟಿಗೆ ಹೋದ ಕುಟುಂಬಗಳಲ್ಲಿ ಎಷ್ಟೋ ದೈವದ ಚಾವಡಿಯನ್ನು ಉಳಿಸಿಕೊಂಡಿವೆ, ಇಲ್ಲವೇ ಮತ್ತೆ ಕಟ್ಟಿಸಿವೆ. ಹೊಸ ಚಾವಡಿಗಳ ಕಂಬಗಳಲ್ಲಿ ಹಳೆಯ ಕೆತ್ತನೆ ಇರಲಾರದು. ನೇಮದ ದಿನ ಮುಂಬಯಿಯಿಂದ ಬಂದವರೂ ಕುಳಿತುಕೊಳ್ಳುವುದು ಅಲ್ಲಿಯೇ.